ಜಿಯೋ ಪೊಂಟಿಯ ವಾರಸುದಾರರು

1979ರ ಸೆಪ್ಟೆಂಬರ್ 16ರಂದು ಇಟಲಿಯ ವಾಸ್ತುಶಿಲ್ಪಿ, ವಿನ್ಯಾಸಕ ಜಿಯೋ ಪೊಂಟಿ ಮಿಲಾನಿನ ದೆಜ್ಜಾ ಬೀದಿಯ ತನ್ನ ಮನೆಯಲ್ಲಿ ತೀರಿಕೊಂಡ. 87 ವರ್ಷದ ತುಂಬು ಬಾಳು. ಮನೆಯಿದ್ದ ಕಟ್ಟಡ ಆತನೇ ಕಟ್ಟಿದ್ದು. ಕೂರುವ ಕುರ್ಚಿ, ಪುಸ್ತಕದ ಕಪಾಟು, ಕಾಲಡಿಯ ಹಳದಿ-ಬಿಳಿ ಪಟ್ಟೆಯ ಟೈಲ್ಸು ಎಲ್ಲವೂ ಆತನ ಪೆನ್ಸಿಲಿನಿಂದಲೇ ಹುಟ್ಟಿದ್ದವು. ಅದೇ ಬೀದಿಯಲ್ಲಿ ಹಳೆಯ ಗ್ಯಾರೇಜೊಂದನ್ನು ಮಾರ್ಪಡಿಸಿಕೊಂಡು ಆತ ವರ್ಷಾನುಗಟ್ಟಲೆ ಕಚೇರಿ ನಡೆಸಿದ್ದ. ಅರವತ್ತು ವರ್ಷಗಳ ದುಡಿಮೆಯಿಂದ ಬಂದ ನಕ್ಷೆ, ಪತ್ರ, ಫೋಟೊ, ಮಾದರಿಗಳ ರಾಶಿ ಹಿಂದೆ ಉಳಿಯಿತು. ಅದನ್ನು ಹೊರಲು ಯಾರೂ ಸಾಲುಗಟ್ಟಿ ನಿಂತಿರಲಿಲ್ಲ.

ಕಾಲವೂ ಪೊಂಟಿಗೆ ಅನುಕೂಲವಾಗಿರಲಿಲ್ಲ. ಎಪ್ಪತ್ತರ ದಶಕದ ಇಟಲಿಯ ವಾಸ್ತುಶಿಲ್ಪ ಕಾಲೇಜುಗಳಲ್ಲಿ ರಾಜಕೀಯ ಕುದಿಯುತ್ತಿತ್ತು. ಶ್ರೀಮಂತರ ದಿವಾನಖಾನೆಗೆ ಅಂದದ ಕುರ್ಚಿ ಮಾಡಿಕೊಟ್ಟವನು, ಮುಸೊಲಿನಿಯ ಕಾಲದಲ್ಲಿ ಸರ್ಕಾರಿ ಕೆಲಸಗಳನ್ನು ಹಿಡಿದವನು ಎಂಬ ಎರಡು ಆರೋಪಗಳು ಪೊಂಟಿಯ ಬೆನ್ನಿಗೆ ಅಂಟಿಕೊಂಡಿದ್ದವು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಆತನನ್ನು ಮರೆಯಲು ಅವಷ್ಟೇ ಕಾರಣವಲ್ಲ. ಪೊಂಟಿ ಯಾವ ಪಂಗಡಕ್ಕೂ ಪೂರ್ತಿ ಸೇರಿದವನಲ್ಲ. ಕಟ್ಟಾ ಆಧುನಿಕರಿಗೆ ಆತ ಅಲಂಕಾರದ ಮನುಷ್ಯ, ಸಂಪ್ರದಾಯಸ್ಥರಿಗೆ ಹೊಸ ಹುಚ್ಚಿನವನು. ಕಟ್ಟಡದ ಚರಿತ್ರೆ ಬರೆಯುವವರು ಆತನ ಪಿಂಗಾಣಿಯನ್ನು ಬಿಟ್ಟರು, ಪಿಂಗಾಣಿಯ ಚರಿತ್ರೆ ಬರೆಯುವವರು ಆತನ ಗೋಪುರವನ್ನು ಬಿಟ್ಟರು.

ಮಗಳು ಲೀಸಾ ಮುಂದೆ ಕೊಟ್ಟ ಲೆಕ್ಕ ಓದಿದರೆ ಈ ತೊಡಕು ಅರ್ಥವಾಗುತ್ತದೆ: 13 ದೇಶಗಳಲ್ಲಿ ಕಟ್ಟಡಗಳು, 24 ದೇಶಗಳಲ್ಲಿ ಉಪನ್ಯಾಸಗಳು, 25 ವರ್ಷ ಮೇಷ್ಟ್ರಗಿರಿ, 120 ಕಂಪನಿಗಳಿಗೆ ವಿನ್ಯಾಸ, ಸಾವಿರಾರು ಪತ್ರಗಳು. ಆ ಪತ್ರಗಳಲ್ಲಿ ಎಷ್ಟೋ ಬರೆದವಲ್ಲ, ಚಿತ್ರಿಸಿದವು. ಇಷ್ಟು ಕಡೆ ಚೆಲ್ಲಿಹೋದವನನ್ನು ಯಾವ ಸಂಸ್ಥೆ ತಾನೇ ತನ್ನವನೆಂದು ಹೇಳಿಕೊಳ್ಳಬೇಕು? ಪೊಂಟಿಯ ಪರಂಪರೆ ಉಳಿದ ಕಥೆಯಲ್ಲಿ ಒಬ್ಬ ನಾಯಕನಿಲ್ಲ. ಮಕ್ಕಳು, ಮೊಮ್ಮಗ, ಕಾರು ಮಾರುವ ಒಬ್ಬ ಧಣಿ, ಒಂದು ವಿಶ್ವವಿದ್ಯಾಲಯ, ಒಂದು ಪ್ರಾದೇಶಿಕ ಸರ್ಕಾರ, ಕೆಲವು ಕಾರ್ಖಾನೆಗಳು ತಂತಮ್ಮ ಕಾರಣಕ್ಕೆ ಒಂದೊಂದು ತುಂಡನ್ನು ಕಾಪಾಡಿದವು. ಯಾರೂ ಮನಸ್ಸು ಮಾಡದ ಕಡೆ ಆ ತುಂಡು ನೆಲಸಮವಾಯಿತು.

ಪೊಂಟಿ ಹುಟ್ಟಿದ್ದು ಮಿಲಾನಿನಲ್ಲೇ, 1891ರ ನವೆಂಬರ್ 18ರಂದು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಿಬಂದು, 1921ರಲ್ಲಿ ಮಿಲಾನ್ ಪಾಲಿಟೆಕ್ನಿಕ್‌ನಿಂದ ವಾಸ್ತುಶಿಲ್ಪದ ಪದವಿ ಪಡೆದ. ಅದೇ ವರ್ಷ ಮದುವೆಯೂ ಆಯಿತು. ಹೆಸರು ತಂದುಕೊಟ್ಟದ್ದು ಮಾತ್ರ ಕಟ್ಟಡವಲ್ಲ, ತಟ್ಟೆ ಮತ್ತು ಹೂದಾನಿ. 1923ರಲ್ಲಿ ರಿಚರ್ಡ್-ಜಿನೋರಿ ಪಿಂಗಾಣಿ ಕಂಪನಿಯ ಕಲಾ ನಿರ್ದೇಶಕನಾಗಿ ಸೇರಿ, ಗ್ರೀಕ್-ರೋಮನ್ ಕಥನಗಳ ಚಿತ್ರಗಳನ್ನು ತುಂಟತನದಿಂದ ತಿರುಚಿ ಪಾತ್ರೆಗಳ ಮೇಲೆ ಬಿಡಿಸಿದ. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವಕ್ಕೆ ಅತ್ಯುನ್ನತ ಬಹುಮಾನ ಬಂತು. 1928ರ ಜನವರಿಯಲ್ಲಿ 'ಡೋಮಸ್' ಪತ್ರಿಕೆ ಆರಂಭಿಸಿದ. ಮನೆಯನ್ನು ಹೇಗೆ ಕಟ್ಟಬೇಕು, ಹೇಗೆ ಬಾಳಬೇಕು ಎಂದು ಮಧ್ಯಮ ವರ್ಗಕ್ಕೆ ಹೇಳಿಕೊಟ್ಟ ಆ ಪತ್ರಿಕೆಯನ್ನು ನಡುವಿನ ಕೆಲವು ವರ್ಷ ಬಿಟ್ಟರೆ ಸಾಯುವವರೆಗೂ ಆತನೇ ನಡೆಸಿದ. ಡೋಮಸ್ ಇಂದಿಗೂ ಹೊರಬರುತ್ತಿದೆ.

ಮೂವತ್ತರ ದಶಕ ಆತನ ಭರದ ಕಾಲ, ವಿವಾದದ ಕಾಲವೂ ಹೌದು. 1933ರಲ್ಲಿ ಮಿಲಾನಿನ ಸೆಂಪಿಯೋನೆ ಪಾರ್ಕಿನಲ್ಲಿ ಎದ್ದ ಉಕ್ಕಿನ ಕೊಳವೆಗಳ ಗೋಪುರಕ್ಕೆ ಇಟ್ಟ ಹೆಸರೇ ಫ್ಯಾಸಿಸ್ಟ್ ಪಕ್ಷದ ಚಿಹ್ನೆಯನ್ನು ನೆನಪಿಸುವ 'ಲಿತ್ತೋರಿಯಾ'. ರೋಮ್ ವಿಶ್ವವಿದ್ಯಾಲಯದ ಗಣಿತ ವಿಭಾಗ, ಪಾದುವಾ ವಿಶ್ವವಿದ್ಯಾಲಯದ ಲಿವಿಯಾನೊ ಕಟ್ಟಡ ಮತ್ತು ಬೋ ಅರಮನೆಯ ಒಳಾಂಗಣ, ಮಿಲಾನಿನಲ್ಲಿ ಮೊಂತೆಕಾತೀನಿ ಕಂಪನಿಯ ಕಚೇರಿ ಎಲ್ಲ ಆ ಹೊತ್ತಿನವು. ಪೊಂಟಿಯನ್ನು ಸಿದ್ಧಾಂತದಿಂದ ಫ್ಯಾಸಿಸ್ಟ್ ಎನ್ನಬೇಕೋ, ಕೆಲಸ ಕೊಟ್ಟವರ ಬಾಗಿಲಿಗೆ ಹೋದ ವೃತ್ತಿನಿರತ ಎನ್ನಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆತ ಪ್ರತಿಭಟಿಸಿದವರ ಸಾಲಿನಲ್ಲಿರಲಿಲ್ಲ ಎಂಬುದಂತೂ ನಿಜ. ಕಟ್ಟಡಗಳು ಮಾತ್ರ ಹೆಸರು ಬದಲಿಸಿಕೊಂಡು ಬದುಕಿದವು. ಆ ಉಕ್ಕಿನ ಗೋಪುರವನ್ನು 1972ರಲ್ಲಿ ಮುಚ್ಚಿದ್ದರು. ಮದ್ಯ ತಯಾರಿಸುವ ಬ್ರಾಂಕಾ ಕಂಪನಿ ದುರಸ್ತಿ ಮಾಡಿಸಿ 2002ರಲ್ಲಿ ತೆರೆಯಿತು. ಈಗ ಅದು ಬ್ರಾಂಕಾ ಗೋಪುರ.

ಯುದ್ಧಾನಂತರದ ಪೊಂಟಿಯೇ ಬೇರೆ. ಭಾರ ಇಳಿಸುವುದೇ ಆತನಿಗೆ ಗೀಳಾಯಿತು. ಲಿಗೂರಿಯಾ ತೀರದ ಕಿಯಾವರಿ ಊರಿನ ಬಡಗಿಗಳು ತಲೆಮಾರುಗಳಿಂದ ಮಾಡುತ್ತಿದ್ದ ಹಗುರ ಕುರ್ಚಿಯೊಂದಿತ್ತು. ಅದನ್ನೇ ಮುಂದಿಟ್ಟುಕೊಂಡು ಕಸೀನಾ ಕಂಪನಿಗಾಗಿ ವರ್ಷಗಟ್ಟಲೆ ತಿದ್ದಿ ತೀಡಿ 1957ರಲ್ಲಿ 'ಸೂಪರ್‌ಲೆಜೆರಾ' ತಂದ. ಆಶ್ ಮರದ ಕಾಲುಗಳು ದುಂಡಗಿಲ್ಲ, ತ್ರಿಕೋನ. ಮುಟ್ಟಿ ನೋಡಿದರೆ ಹೆಬ್ಬೆರಳಿಗಿಂತ ಕೊಂಚ ಕಡಿಮೆ ದಪ್ಪ. ಬೆತ್ತದಿಂದ ಹೆಣೆದ ಕೂರುವ ಜಾಗ ಸೇರಿ ಇಡೀ ಕುರ್ಚಿಯ ತೂಕ 1.7 ಕಿಲೊ. ಮಗು ಒಂದೇ ಬೆರಳಲ್ಲಿ ಎತ್ತುವ ಜಾಹೀರಾತು ಬಂತು. ಗಟ್ಟಿತನ ತೋರಿಸಲು ಅದನ್ನು ನಾಲ್ಕನೆಯ ಮಹಡಿಯಿಂದ ಎಸೆದರು, ಅದು ಪುಟಿಯಿತೇ ಹೊರತು ಮುರಿಯಲಿಲ್ಲ ಎಂಬ ಕಥೆಯೂ ಹಬ್ಬಿತು. ಕಸೀನಾ ಆ ಕುರ್ಚಿಯನ್ನು ಮಾಡುವುದನ್ನು ಈಗಲೂ ನಿಲ್ಲಿಸಿಲ್ಲ. ಒಂದು ವಸ್ತುವನ್ನು ಕಾಪಾಡಲು ಇದಕ್ಕಿಂತ ಸಲೀಸಾದ ದಾರಿಯನ್ನು ನಾನು ಕಾಣೆ.

ಆದರೆ ಎಲ್ಲವೂ ಕುರ್ಚಿಯಷ್ಟು ಗಟ್ಟಿಯಲ್ಲ. ಪೊಂಟಿ ಹಡಗುಗಳ ಒಳಾಂಗಣವನ್ನೂ ಮಾಡಿದ. ಕಲಾವಿದ ಪಿಯೆರೊ ಫೊರ್ನಾಸೆತ್ತಿ ಜೊತೆಗೂಡಿ 'ಆಂದ್ರೆಯಾ ದೋರಿಯಾ' ಹಡಗಿನಲ್ಲಿ ಗೋಡೆ, ಮಂಚ, ಕಪಾಟಿನ ಮೇಲೆಲ್ಲ ರಾಶಿಚಕ್ರದ ಚಿತ್ರ ತುಂಬಿದ ಕೋಣೆಯೊಂದನ್ನು ರೂಪಿಸಿದ್ದ. 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ಇನ್ನೊಂದು ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು, ಮರುದಿನ ಬೆಳಿಗ್ಗೆ ಅದು ಮುಳುಗಿತು. ಜೀವಹಾನಿಯ ಮುಂದೆ ಒಂದು ಕೋಣೆಯ ನಷ್ಟ ಎಷ್ಟರದು! ಆದರೂ ಪೊಂಟಿಯ ಕೃತಿಗಳಲ್ಲಿ ಇಡಿಯಾಗಿ ಇಲ್ಲವಾದವುಗಳಲ್ಲಿ ಅದೂ ಒಂದು. 'ಕೊಂತೆ ಬಿಯಾಂಕಮಾನೊ' ಎಂಬ ಇನ್ನೊಂದು ಹಡಗು ಗುಜರಿಗೆ ಹೋಗುವಾಗ ಅದರ ನೃತ್ಯಶಾಲೆ, ಚಾಲಕರ ಕಟ್ಟೆ ಮುಂತಾದ ಭಾಗಗಳನ್ನು ಕತ್ತರಿಸಿ ತಂದು ಮಿಲಾನಿನ ವಿಜ್ಞಾನ ಮ್ಯೂಸಿಯಂನಲ್ಲಿ ಜೋಡಿಸಿದರು. ಅವು ಈಗಲೂ ಅಲ್ಲಿವೆ.

ಆಂದ್ರೆಯಾ ದೋರಿಯಾ ಮುಳುಗಲು ಎರಡು ವಾರ ಮೊದಲು, ಜುಲೈ 12ರಂದು, ಮಿಲಾನಿನ ಕೇಂದ್ರ ರೈಲು ನಿಲ್ದಾಣದ ಎದುರಿಗೆ ಪಿರೆಲ್ಲಿ ಗೋಪುರದ ಅಡಿಗಲ್ಲು ಬಿದ್ದಿತ್ತು. ಟೈರು ಕಂಪನಿ ಪಿರೆಲ್ಲಿಯ ಮೊದಲ ಕಾರ್ಖಾನೆ ಇದ್ದ ಜಾಗ ಅದು. ಯುದ್ಧದ ಬಾಂಬುಗಳಿಗೆ ಸಿಕ್ಕಿ ಹಾಳಾಗಿತ್ತು. ಅಲ್ಲಿ 127 ಮೀಟರ್ ಎತ್ತರದ ಕಟ್ಟಡ 1960ರ ಏಪ್ರಿಲ್ 4ರಂದು ಉದ್ಘಾಟನೆಯಾಯಿತು. ಎರಡೂ ತುದಿಗಳಲ್ಲಿ ಚೂಪಾಗುವ ತೆಳ್ಳನೆಯ ಆಕಾರ. ನಡುವೆ ಮೇಲೇರಿದಂತೆ ಸಣ್ಣದಾಗುವ ಕಾಂಕ್ರೀಟು ಕಂಬಗಳು, ತುದಿಗಳಲ್ಲಿ ತ್ರಿಕೋನದ ಟೊಳ್ಳು ಗೋಡೆಗಳು. ಪಿಯೆರ್ ಲುಯಿಜಿ ನೆರ್ವಿ ಮತ್ತು ಅರ್ತುರೊ ದಾನುಸ್ಸೊ ಎಂಬ ಎಂಜಿನಿಯರುಗಳ ಲೆಕ್ಕಾಚಾರ ಇಲ್ಲದಿದ್ದರೆ ಅದು ನಿಲ್ಲುತ್ತಿರಲಿಲ್ಲ. ಹಾಗಾಗಿ ಗೋಪುರದ ಕೀರ್ತಿಯಲ್ಲಿ ಪೊಂಟಿಗೆ ಎಷ್ಟು ಪಾಲು, ನೆರ್ವಿಗೆ ಎಷ್ಟು ಎಂದು ವಿದ್ವಾಂಸರು ಹಗ್ಗಜಗ್ಗಾಟ ನಡೆಸುತ್ತಲೇ ಇದ್ದಾರೆ. ಬ್ರಿಟನ್ನಿನ ವಿಮರ್ಶಕ ರೇನರ್ ಬ್ಯಾನ್ಹಮ್‌ಗೆ ಇದು ಕಂಪನಿಯ ಜಾಹೀರಾತಿನಂತೆ ಕಂಡಿತು. ಊರಿನ ಸಂಪ್ರದಾಯದ ಪ್ರಕಾರ ಮಹಾಚರ್ಚಿನ ತುದಿಯಲ್ಲಿರುವ ಮರಿಯಮ್ಮನ ಪ್ರತಿಮೆಗಿಂತ ಎತ್ತರಕ್ಕೆ ಯಾರೂ ಹೋಗಬಾರದು. ಪಿರೆಲ್ಲಿ ಹೋಯಿತು. ಪ್ರಾಯಶ್ಚಿತ್ತವೆಂಬಂತೆ ಗೋಪುರದ ನೆತ್ತಿಯ ಮೇಲೆ ಅದೇ ಪ್ರತಿಮೆಯ ಪುಟ್ಟ ನಕಲೊಂದನ್ನು ಇಟ್ಟರು.

ಆ ಕಟ್ಟಡದ ಬಗ್ಗೆ ಪೊಂಟಿ ಪದೇಪದೇ ಹೇಳುತ್ತಿದ್ದುದು ಒಂದೇ: ಇದು ಮುಗಿದ ಆಕೃತಿ, ಇದಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದರಿಂದ ಏನನ್ನೂ ತೆಗೆಯುವಂತಿಲ್ಲ. ಸ್ಫಟಿಕದ ಉಪಮೆ ಆತನಿಗೆ ಬಲು ಇಷ್ಟ. ಕಟ್ಟುವವನ ಬಾಯಲ್ಲಿ ಈ ಮಾತು ಚೆನ್ನ. ಕಾಪಾಡುವವನಿಗೆ ಮಾತ್ರ ಇದರಷ್ಟು ಕಷ್ಟದ ಷರತ್ತು ಬೇರೆ ಇಲ್ಲ. 1978ರಲ್ಲಿ, ಪೊಂಟಿ ಬದುಕಿದ್ದಾಗಲೇ, ಗೋಪುರ ಪಿರೆಲ್ಲಿಯ ಕೈಬಿಟ್ಟು ಲೊಂಬಾರ್ದಿ ಪ್ರಾದೇಶಿಕ ಸರ್ಕಾರದ ಕಚೇರಿಯಾಯಿತು. ಸರ್ಕಾರಿ ಕಚೇರಿ ಎಂದ ಮೇಲೆ ಗೋಡೆ ಸರಿಸಿ, ತಂತಿ ಎಳೆದು, ಬೇಕಾದಂತೆ ಒಗ್ಗಿಸಿಕೊಳ್ಳುವುದು ಯಾವ ದೇಶದಲ್ಲೂ ಇದ್ದದ್ದೇ.

ಪೊಂಟಿ ಸತ್ತ ಮೇಲೆ ಮೊದಲ ಹೆಜ್ಜೆ ಇಟ್ಟವರು ಮಕ್ಕಳು. ಆತನ ಕಚೇರಿಯ ನಕ್ಷೆಗಳನ್ನು 1982ರಲ್ಲಿ ಪಾರ್ಮಾ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಕಲಾ ಇತಿಹಾಸಕಾರ ಅರ್ತುರೊ ಕಾರ್ಲೊ ಕ್ವಿಂತಾವಾಲೆ 1968ರಲ್ಲಿ ಶುರುಮಾಡಿದ ಆ ಸಂಸ್ಥೆ, ಚಿತ್ರಕಲೆಯ ಪಕ್ಕದಲ್ಲೇ ಫ್ಯಾಷನ್ ರೇಖಾಚಿತ್ರ, ಕಟ್ಟಡದ ನಕ್ಷೆ, ಜಾಹೀರಾತು ಎಲ್ಲವನ್ನೂ ಸಮಾನ ಗೌರವದಿಂದ ಕೂಡಿಡುತ್ತಿತ್ತು. ಪೊಂಟಿಯಂಥವನಿಗೆ ಒಪ್ಪುವ ಜಾಗ. ಸಂಗ್ರಹ ಈಗ ಪಾರ್ಮಾ ಹೊರವಲಯದ ವಾಲ್ಸೆರೆನಾ ಎಂಬ ಹಳೆಯ ಕ್ರೈಸ್ತ ಮಠದಲ್ಲಿದೆ. ಮಿಲಾನಿನ ಮನುಷ್ಯನ ನಕ್ಷೆಗಳು ಮಿಲಾನಿನಲ್ಲಿ ಉಳಿಯದೆ ನೂರು ಕಿಲೊಮೀಟರಿಗೂ ಹೆಚ್ಚು ದೂರದ ಊರಿಗೆ ಹೋದದ್ದು ಆ ಮಹಾನಗರಕ್ಕೆ ಅಷ್ಟೇನೂ ಶೋಭೆಯಲ್ಲ.

ಎರಡನೆಯ ಹೆಜ್ಜೆ ಲೀಸಾಳದ್ದು. ಡೋಮಸ್‌ನಲ್ಲಿ ಅಪ್ಪನ ಪಕ್ಕ ದಶಕಗಟ್ಟಲೆ ಕೆಲಸ ಮಾಡಿದವಳು, ಸ್ವತಃ ಕಲಾವಿದೆ. 1990ರಲ್ಲಿ ಪೊಂಟಿಯ ಸಮಗ್ರ ಕೃತಿಗಳ ಪುಸ್ತಕವನ್ನು ಆಕೆ ಹೊರತಂದಳು. ತಟ್ಟೆ, ಕುರ್ಚಿ, ಗೋಪುರ, ಚರ್ಚು, ಪತ್ರ ಒಂದೇ ಬೈಂಡಿನೊಳಗೆ ವರ್ಷಾನುಕ್ರಮವಾಗಿ ಕುಳಿತಾಗ ಮೊದಲ ಬಾರಿಗೆ ಒಬ್ಬ ಮನುಷ್ಯ ಕಾಣಿಸಿದ. ಇಂಗ್ಲಿಷಿಗೂ ಅನುವಾದವಾದ ಆ ಪುಸ್ತಕ ಮುಂದಿನ ಸಂಶೋಧಕರಿಗೆಲ್ಲ ನಕಾಶೆಯಾಯಿತು. ಮಗಳು ಬರೆದದ್ದರಿಂದ ಅದರಲ್ಲಿ ಅಕ್ಕರೆ ಹೆಚ್ಚು, ಮೂವತ್ತರ ದಶಕದ ಬಗ್ಗೆ ಬಿರುಸು ಕಡಿಮೆ. ಆ ಮಿತಿ ಗೊತ್ತಿದ್ದೇ ಓದಬೇಕು. ಲೀಸಾಳ ಮಗ ಸಾಲ್ವತೋರೆ ಲಿಚಿತ್ರಾ 1996ರಲ್ಲಿ ಜಿಯೋ ಪೊಂಟಿ ಆರ್ಕೈವ್ಸ್ ಸ್ಥಾಪಿಸಿದ. ಕಚೇರಿಯಲ್ಲಿ ಉಳಿದಿದ್ದ ಫೋಟೊ, ಪತ್ರಗಳನ್ನು ವಿಂಗಡಿಸಿ ಪಟ್ಟಿಮಾಡುವ ಕೆಲಸ ಆತನದಾಯಿತು. ಕೇಳಲು ಸಪ್ಪೆ ಅನ್ನಿಸುವ ಕೆಲಸ. ಆದರೆ ಯಾವ ಮೇಜನ್ನು ಯಾವ ವರ್ಷ ಯಾರ ಮನೆಗೆ ಮಾಡಿದ್ದು ಎಂದು ಹೇಳುವ ಹಳೆಯ ಫೋಟೊ ಒಂದಿಲ್ಲದಿದ್ದರೆ, ಹರಾಜಿನ ಅಂಗಡಿಯಲ್ಲಿ ಅಸಲಿಯೂ ನಕಲಿಯೂ ಒಂದೇ ಬೆಲೆಗೆ ನಿಲ್ಲುತ್ತವೆ.

ಈ ನಡುವೆ ಅಟ್ಲಾಂಟಿಕ್ ಆಚೆ, ವೆನೆಜುವೆಲಾದ ರಾಜಧಾನಿ ಕರಾಕಾಸಿನಲ್ಲಿ, ಎರಡು ಮನೆಗಳ ಹಣೆಬರಹ ಬೇರೆಬೇರೆಯಾಗಿತ್ತು. ಐವತ್ತರ ದಶಕದಲ್ಲಿ ಎಣ್ಣೆಯ ಹಣ ಹರಿಯುತ್ತಿದ್ದ ಆ ಊರಿಗೆ ಪೊಂಟಿಯನ್ನು ಕರೆದವರು ಅರ್ಮಾಂದೊ ಪ್ಲಾಂಚಾರ್ಟ್ ಮತ್ತು ಆತನ ಹೆಂಡತಿ ಅನಾಲಾ. ಕಾರಿನ ವ್ಯಾಪಾರದಿಂದ ಶ್ರೀಮಂತನಾದವನು ಅರ್ಮಾಂದೊ. ಗುಡ್ಡದ ನೆತ್ತಿಯ ಮೇಲೆ ಚಿಟ್ಟೆ ಬಂದು ಕೂತಂತೆ ಇರುವ ಮನೆ ಕಟ್ಟುತ್ತೇನೆಂದು ಪೊಂಟಿ ಮಾತುಕೊಟ್ಟ. ಮಿಲಾನಿನಿಂದ ಚಿತ್ರ ತುಂಬಿದ ಪತ್ರಗಳು ಹೋಗತೊಡಗಿದವು. ಗೋಡೆಗಳು ಒಂದಕ್ಕೊಂದು ತಾಗದ ಹಾಗೆ ಸಂದಿ ಬಿಟ್ಟು, ರಾತ್ರಿ ಆ ಸಂದಿಯಿಂದ ಬೆಳಕು ಹೊಮ್ಮುವ ಹಾಗೆ ಮಾಡಿದ. ಊಟದ ತಟ್ಟೆಯೂ ಆತನದೇ ವಿನ್ಯಾಸ. ಒಂದೇ ತಕರಾರು ಬಂತು. ಅರ್ಮಾಂದೊಗೆ ಬೇಟೆಯ ಹುಚ್ಚು, ಕೊಂದ ಪ್ರಾಣಿಗಳ ತಲೆಗಳನ್ನು ಗೋಡೆಗೆ ತೂಗುಹಾಕಬೇಕು. ಪೊಂಟಿಗೆ ಆ ತಲೆಗಳು ತನ್ನ ಗೋಡೆಯ ಮೇಲೆ ಬೇಡ. ರಾಜಿಯಾದದ್ದು ತಿರುಗುವ ಹಲಗೆಗಳಲ್ಲಿ: ಗುಂಡಿ ಒತ್ತಿದರೆ ಹಲಗೆ ಹೊರಳಿ ಜಿಂಕೆ, ಕಾಡುಕೋಣದ ತಲೆಗಳು ಹೊರಬರುತ್ತವೆ, ಮತ್ತೆ ಒತ್ತಿದರೆ ಗೋಡೆಯೊಳಗೆ ಮಾಯ. 1957ರಲ್ಲಿ ಮುಗಿದ ಆ ಮನೆಯನ್ನು ದಂಪತಿ ಪೀಠೋಪಕರಣ, ತಟ್ಟೆ ಸಮೇತ ಹಾಗೆಯೇ ಇಟ್ಟುಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ದೇಶದ ಆರ್ಥಿಕತೆ ಕುಸಿದುಬಿದ್ದಾಗಲೂ ಪೊಂಟಿಯ ಪೂರ್ಣ ರೂಪವನ್ನು ನೋಡಬೇಕೆಂದರೆ ಜನ ಹೋಗುವುದು ಅಲ್ಲಿಗೆ.

ಅದೇ ಊರಿನಲ್ಲಿ ಅದೇ ಕಾಲಕ್ಕೆ ಪೊಂಟಿ ಕಟ್ಟಿದ ಇನ್ನೊಂದು ಮನೆ ಅರೆಯಾಸಾ ಕುಟುಂಬದ್ದು. ಹೊರಗೋಡೆಗೆ ವಜ್ರಾಕೃತಿಯ ಟೈಲ್ಸು ಮೆತ್ತಿದ್ದರಿಂದ ಅದಕ್ಕೆ 'ದಿಯಾಮಂತಿನಾ' ಎಂಬ ಅಡ್ಡಹೆಸರು. ಅದು ಈಗ ಇಲ್ಲ, ಕೆಡವಿದರು. ಪೀಠೋಪಕರಣಗಳು ಚೆದುರಿ ಮಾರುಕಟ್ಟೆಗೆ ಬಂದವು. ಎರಡೂ ಮನೆಗಳ ವಾಸ್ತುಶಿಲ್ಪಿ ಒಬ್ಬನೇ, ಊರು ಒಂದೇ, ಕಾನೂನು ಒಂದೇ. ಒಂದರಲ್ಲಿ ಮನೆಯವರು ಮನೆಯನ್ನು ಪ್ರೀತಿಸಿ ಮುಂದಿನದಕ್ಕೆ ಏರ್ಪಾಡು ಮಾಡಿದರು, ಇನ್ನೊಂದರಲ್ಲಿ ಅದಾಗಲಿಲ್ಲ.

ಕಥೆಯ ದೊಡ್ಡ ತಿರುವು ಬಂದದ್ದು 2002ರ ಏಪ್ರಿಲ್ 18ರ ಸಂಜೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊದಿಂದ ಹೊರಟ ಸಣ್ಣ ಖಾಸಗಿ ವಿಮಾನವೊಂದು ಪಿರೆಲ್ಲಿ ಗೋಪುರದ 26ನೆಯ ಮಹಡಿಗೆ ಅಪ್ಪಳಿಸಿತು. ಪೈಲಟ್ ಜೊತೆಗೆ ಪ್ರಾದೇಶಿಕ ಸರ್ಕಾರದಲ್ಲಿ ವಕೀಲರಾಗಿದ್ದ ಇಬ್ಬರು ಮಹಿಳೆಯರು ಸತ್ತರು, ಹತ್ತಾರು ಮಂದಿ ಗಾಯಗೊಂಡರು. ನ್ಯೂಯಾರ್ಕಿನ ಅವಳಿ ಗೋಪುರ ಉರುಳಿ ಏಳೇ ತಿಂಗಳಾಗಿತ್ತು. ಮಿಲಾನ್ ಅಷ್ಟೇ ಅಲ್ಲ, ಇಡೀ ಯೂರೋಪು ಕೆಲವು ಗಂಟೆ ಉಸಿರು ಬಿಗಿಹಿಡಿಯಿತು. ಭಯೋತ್ಪಾದನೆ ಅಲ್ಲವೆಂದು ಬೇಗನೇ ಗೊತ್ತಾಯಿತು. ಚಕ್ರ ಇಳಿಯದೆ ಗಲಿಬಿಲಿಗೊಂಡ ಪೈಲಟ್ ದಾರಿ ತಪ್ಪಿದನೆಂಬುದು ಹೆಚ್ಚು ಜನ ಒಪ್ಪಿದ ವಿವರಣೆ. ಆತ್ಮಹತ್ಯೆಯ ಗುಮಾನಿಯನ್ನೂ ಕೆಲವರು ಎತ್ತಿದರು.

ಕಟ್ಟಡ ನಿಂತಿತ್ತು. ನೆರ್ವಿಯ ಕಂಬಗಳು ಜಗ್ಗಲಿಲ್ಲ. ಆದರೆ ಸ್ಫೋಟದ ಒತ್ತಡಕ್ಕೆ ಮಹಡಿಯ ಕಾಂಕ್ರೀಟು ಹಾಸು ಬಾಗಿತ್ತು, ಮುಂಭಾಗದ ಅಲ್ಯೂಮಿನಿಯಂ ಮತ್ತು ಗಾಜು ಹರಿದು ತೂಗುತ್ತಿತ್ತು. ಈಗ ಪ್ರಶ್ನೆ ಎದ್ದಿತು: ನಲವತ್ತು ವರ್ಷ ಹಳೆಯ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಪೂರಾ ಕಿತ್ತು ಹೊಸದನ್ನು ಹಾಕಬೇಕೇ, ಇದ್ದದ್ದನ್ನೇ ಸರಿಪಡಿಸಬೇಕೇ? ಹೊಸದು ಹಾಕುವುದೇ ಸುಲಭ, ನೋಡಲೂ ಹೊಳಪು. ಕಾನೂನಿನ ಬೆಂಬಲವೂ ತೆಳುವಾಗಿತ್ತು. ಇಟಲಿಯಲ್ಲಿ ಆಗ 50 ವರ್ಷ ದಾಟದ ಕಟ್ಟಡ ಪಾರಂಪರಿಕ ರಕ್ಷಣೆಯ ಸಾಮಾನ್ಯ ನಿಯಮದೊಳಗೆ ಬರುತ್ತಿರಲಿಲ್ಲ, ಪಿರೆಲ್ಲಿಗೆ ಆಗ 42. ರೋಮನ್ ಕಾಲದ ಒಂದು ಇಟ್ಟಿಗೆಯನ್ನು ಅಲುಗಿಸಲು ಹತ್ತು ಅನುಮತಿ ಬೇಕಾದ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಮೇರುಕೃತಿ ಮಾಲೀಕನ ಮರ್ಜಿಯ ಮೇಲೆ ನಿಂತಿತ್ತು.

ಮಾಲೀಕ ಅಂದರೆ ಲೊಂಬಾರ್ದಿ ಸರ್ಕಾರ. ಅದು ಈ ಸಲ ಸರಿಯಾದ ದಾರಿ ಹಿಡಿಯಿತು. ರೆನಾತೊ ಸಾರ್ನೊ ತಂಡದ ಜೊತೆ ನೇಪಲ್ಸಿನ ಕೊರ್ವೀನೊ ಮತ್ತು ಮುಲ್ತಾರಿ ಎಂಬ ವಾಸ್ತುಶಿಲ್ಪಿಗಳು ಕೆಲಸ ಕೈಗೆತ್ತಿಕೊಂಡರು. ಹಳೆಯ ಚರ್ಚನ್ನು ದುರಸ್ತಿ ಮಾಡುವಾಗಿನ ಶ್ರದ್ಧೆಯನ್ನೇ ಕಾರ್ಖಾನೆಯಲ್ಲಿ ತಯಾರಾದ ಅಲ್ಯೂಮಿನಿಯಂಗೂ ತೋರಿಸಬೇಕು ಎಂಬುದು ಅವರ ನಿಲುವು. ಚೌಕಟ್ಟುಗಳನ್ನು ಬಿಚ್ಚಿ, ತೊಳೆದು, ತಿದ್ದಿ, ಮತ್ತೆ ಅವೇ ಜಾಗಕ್ಕೆ ಕೂರಿಸಿದರು. ಕಾಂಕ್ರೀಟಿಗೆ ಹೊದಿಸಿದ್ದ ಬೆರಳ ತುದಿಯಷ್ಟಗಲದ ಸೆರಾಮಿಕ್ ಬಿಲ್ಲೆಗಳಲ್ಲಿ ಸಡಿಲವಾದವನ್ನು ಹುಡುಕಿ ಹುಡುಕಿ ಕೂಡಿಸಿದರು. ಬಾಗಿದ ಹಾಸನ್ನು ಒಡೆದು ಹಾಕದೆ ಇದ್ದಲ್ಲೇ ಬಲಪಡಿಸಿದರು. ಸರ್ಕಾರಿ ಕಾಲದಲ್ಲಿ ಸೇರಿಕೊಂಡಿದ್ದ ಅಡ್ಡಗೋಡೆಗಳು ಹೋಗಿ, ಪೊಂಟಿ ಪಿರೆಲ್ಲಿಗೆಂದೇ ಆರಿಸಿದ್ದ ಹಳದಿ ಛಾಯೆಯ ರಬ್ಬರು ನೆಲ ಮರಳಿತು. ದುರಂತ ನಡೆದು ಸರಿಯಾಗಿ ಎರಡು ವರ್ಷಕ್ಕೆ, 2004ರ ಏಪ್ರಿಲ್ 18ರಂದು, ಗೋಪುರ ತೆರೆಯಿತು. 26ನೆಯ ಮಹಡಿಯನ್ನು ಕಚೇರಿಗೆ ಕೊಡದೆ ಮೃತರ ಸ್ಮಾರಕವಾಗಿ ಖಾಲಿ ಬಿಟ್ಟರು.

ಆಧುನಿಕ ಕಟ್ಟಡದ ಸಂರಕ್ಷಣೆ ಕಲಿಸುವ ತರಗತಿಗಳಲ್ಲಿ ಈ ಕೆಲಸ ಇಂದು ಪಾಠ. ನಿಜ ಹೇಳಬೇಕೆಂದರೆ, ವಿಮಾನ ಬಂದು ಬಡಿಯದಿದ್ದರೆ ಆ ಗೋಪುರದ ಮೇಲೆ ಇಷ್ಟು ಹಣವಾಗಲಿ, ಗಮನವಾಗಲಿ ಬೀಳುತ್ತಿತ್ತೇ ಎಂಬುದು ನನ್ನ ಅನುಮಾನ. ಕಾನೂನಂತೂ ಮುಂದೆ ಇನ್ನಷ್ಟು ಹಿಂದೆ ಸರಿಯಿತು: 2011ರಲ್ಲಿ ಸರ್ಕಾರಿ ಕಟ್ಟಡಗಳ ವಯಸ್ಸಿನ ಮಿತಿಯನ್ನು 50ರಿಂದ 70ಕ್ಕೆ ಏರಿಸಿದರು.

ಮುಂದಿನ ಗಂಡಾಂತರ ಪಿಂಗಾಣಿಗೆ ಬಂತು. ಪೊಂಟಿಗೆ ಮೊದಲ ಹೆಸರು ಕೊಟ್ಟ ಜಿನೋರಿ ಕಾರ್ಖಾನೆ 1735ರಲ್ಲಿ ಫ್ಲಾರೆನ್ಸ್ ಬಳಿಯ ದೋಚ್ಚಾದಲ್ಲಿ ಹುಟ್ಟಿದ್ದು. 2013ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ದಿವಾಳಿ ಎಂದು ಘೋಷಿಸಿತು. ಕೆಲವೇ ತಿಂಗಳಲ್ಲಿ ಗುಚ್ಚಿ ಕಂಪನಿ ಕಾರ್ಖಾನೆ ಕೊಂಡದ್ದರಿಂದ ಒಲೆ ಆರಲಿಲ್ಲ. ಆದರೆ ಪಕ್ಕದ ಮ್ಯೂಸಿಯಂ ಆ ವ್ಯವಹಾರದಿಂದ ಹೊರಗೆ ಉಳಿಯಿತು. ಪೊಂಟಿಯ ಹೂದಾನಿಗಳು, ಹೂವಿನ ಮೇಲೆ ಒರಗಿದ ಹೆಂಗಸರ ಚಿತ್ರವಿರುವ ಆತನ ತಟ್ಟೆಗಳು, ಹದಿನೆಂಟನೆಯ ಶತಮಾನದ ಮೇಣದ ಅಚ್ಚುಗಳು ಎಲ್ಲ ಅಲ್ಲಿದ್ದವು. 2014ರಲ್ಲಿ ಬಾಗಿಲು ಮುಚ್ಚಿತು. ಚಾವಣಿ ಸೋರತೊಡಗಿತು. ಸಾಲ ಕೊಟ್ಟವರ ಬಾಕಿ ತೀರಿಸಲು ಸಂಗ್ರಹವನ್ನು ತುಂಡುಮಾಡಿ ಹರಾಜು ಹಾಕಿದ್ದರೆ ಕೇಳುವವರಿರಲಿಲ್ಲ. ಸ್ಥಳೀಯರು, ಹಳೆಯ ಕಾರ್ಮಿಕರು, ವಿದ್ವಾಂಸರು ಕೂಗೆಬ್ಬಿಸಿದ ಮೇಲೆ 2017ರಲ್ಲಿ ಇಟಲಿ ಸರ್ಕಾರವೇ ಮ್ಯೂಸಿಯಮ್ಮನ್ನು ಕೊಂಡುಕೊಂಡಿತು, ನಂತರ ಅದಕ್ಕೊಂದು ಪ್ರತಿಷ್ಠಾನವೂ ಆಯಿತು. ಈ ಇಡೀ ಕಥೆಯಲ್ಲಿ ಇಟಲಿಯ ಕೇಂದ್ರ ಸರ್ಕಾರ ತಾನೇ ಕೈಚೀಲ ಬಿಚ್ಚಿದ ಅಪರೂಪದ ಸಂದರ್ಭ ಇದು.

ಮಾರುಕಟ್ಟೆ ಮಾತ್ರ ಅಷ್ಟು ಕಾಯಲಿಲ್ಲ. ಪೀಠೋಪಕರಣ ತಯಾರಿಸುವ ಮೊಲ್ತೇನಿ ಕಂಪನಿ ಪೊಂಟಿಯ ವಾರಸುದಾರರೊಂದಿಗೆ ಒಪ್ಪಂದ ಮಾಡಿಕೊಂಡು 2012ರಲ್ಲಿ ಆತನ ಹಳೆಯ ಮೇಜು, ಕಪಾಟು, ಆರಾಮಕುರ್ಚಿಗಳನ್ನು ಮತ್ತೆ ತಯಾರಿಸತೊಡಗಿತು. ಅವುಗಳಲ್ಲಿ ಕೆಲವು ಪೊಂಟಿ ತನ್ನ ದೆಜ್ಜಾ ಬೀದಿಯ ಮನೆಗೆ ಮಾತ್ರ ಮಾಡಿಸಿಕೊಂಡವು, ಅಂಗಡಿಯ ಮುಖವನ್ನೇ ಕಂಡಿರಲಿಲ್ಲ. ಹಳೆಯ ನಕ್ಷೆ, ಫೋಟೊಗಳನ್ನು ಪರಿಶೀಲಿಸಿಯೇ ಮಾಡಿದ ಪ್ರಾಮಾಣಿಕ ಕೆಲಸ ಅದು, ಮೊಮ್ಮಗನ ಪತ್ರಾಗಾರದ ಬೆಲೆ ಆಗ ತಿಳಿಯಿತು. ಸೊರೆಂತೊ ಊರಿನ ಪಾರ್ಕೊ ದೇಯಿ ಪ್ರಿಂಚಿಪಿ ಹೋಟೆಲಿಗೆ 1962ರಲ್ಲಿ ಪೊಂಟಿ ಬರೆದುಕೊಟ್ಟ ನೀಲಿ-ಬಿಳಿಯ 30 ಬಗೆಯ ಟೈಲ್ಸುಗಳೂ ಹೀಗೆಯೇ ಮರುಹುಟ್ಟು ಪಡೆದವು. ಹೋಟೆಲಿನ 100 ಕೋಣೆಗಳಲ್ಲಿ ಒಂದರ ನೆಲದಂತೆ ಇನ್ನೊಂದರದಿಲ್ಲ.

ನನ್ನ ತಕರಾರು ಇಷ್ಟೇ. ಮಾರಾಟವಾಗುವ ಪೊಂಟಿ ಒಬ್ಬನೇ ಕಣ್ಣಿಗೆ ಬೀಳತೊಡಗಿದ. ಹರಾಜಿನ ಪಟ್ಟಿಗಳಲ್ಲಿ ಮೆರೆಯುವ ಪೊಂಟಿಗೂ, ದಕ್ಷಿಣ ಇಟಲಿಯ ಉಕ್ಕಿನ ಕಾರ್ಖಾನೆಯ ಊರು ತಾರಾಂತೊದಲ್ಲಿ 1970ರಲ್ಲಿ ಚರ್ಚು ಕಟ್ಟಿ ಮುಗಿಸಿದ ಪೊಂಟಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುವಷ್ಟು. ಆ ಚರ್ಚಿನ ಮೇಲೆ ತೂತುಗಳಿಂದ ಜಾಲರಿಯಂತಾದ ಬಿಳಿಯ ಕಾಂಕ್ರೀಟಿನ ಹಾಯಿ ಎದ್ದಿದೆ. ಅದರೊಳಗೆ ಆಕಾಶ ಬಿಟ್ಟರೆ ಬೇರೇನಿಲ್ಲ. ಎದುರಿಗೆ ಅದರ ನೆರಳು ಬೀಳಲೆಂದು ಕೊಳಗಳು. ಸುತ್ತ ಬಡಾವಣೆಯ ಎತ್ತರದ ಕಟ್ಟಡಗಳು ಬಂದು ಹಾಯಿಗೆ ಗಾಳಿಯಾಡದಂತೆ ನಿಂತಿವೆ, ಸಮುದ್ರದ ಗಾಳಿಗೆ ಕಾಂಕ್ರೀಟು ಸವೆದಿದೆ. ಆರಾಮಕುರ್ಚಿಗೆ ಗಿರಾಕಿ ಸಿಕ್ಕಷ್ಟು ಸುಲಭವಾಗಿ ಇದಕ್ಕೆ ದಿಕ್ಕು ಸಿಗುವುದಿಲ್ಲ.

2018ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಅಲಂಕಾರ ಕಲೆಗಳ ಮ್ಯೂಸಿಯಂ ಪೊಂಟಿಯ ದೊಡ್ಡ ಪ್ರದರ್ಶನ ಇಟ್ಟಿತು, ನಾನೂರಕ್ಕೂ ಹೆಚ್ಚು ವಸ್ತುಗಳು. ಮರುವರ್ಷ ರೋಮಿನ ಮ್ಯಾಕ್ಸಿ ಮ್ಯೂಸಿಯಂ ಪಾರ್ಮಾದ ನಕ್ಷೆಗಳನ್ನು ತರಿಸಿ ಆತನ ಕಟ್ಟಡಗಳತ್ತ ಕಣ್ಣು ತಿರುಗಿಸಿತು. ಆ ಪ್ರದರ್ಶನದ ಹೆಸರು 1957ರ ಆತನ ಪುಸ್ತಕದಿಂದ ಬಂದದ್ದು: ವಾಸ್ತುಶಿಲ್ಪವನ್ನು ಪ್ರೀತಿಸುವುದು. ತಂದೆಯ ಪುಸ್ತಕ ಕಟ್ಟಿದ ಲೀಸಾ 2019ರಲ್ಲಿ ತೀರಿಕೊಂಡಳು. ಮರೆತುಹೋಗಿದ್ದ ಹೆಸರು ಮತ್ತೆ ದೊಡ್ಡ ಮ್ಯೂಸಿಯಮ್ಮುಗಳ ಬಾಗಿಲ ಮೇಲೆ ಏರಿದ್ದನ್ನು ನೋಡಿಯೇ ಹೋದಳು.

ಇಟಲಿಯ ಆಚೆ ಲೆಕ್ಕ ಇನ್ನೂ ಬಗೆಹರಿದಿಲ್ಲ. ಬಾಗ್ದಾದಿನಲ್ಲಿ ಪೊಂಟಿ ಕಟ್ಟಿದ ಯೋಜನಾ ಸಚಿವಾಲಯದ ಕಟ್ಟಡ 2003ರ ಯುದ್ಧದಲ್ಲಿ ಹಾನಿಗೊಂಡಿತು. ನಮ್ಮ ನೆರೆಯ ಇಸ್ಲಾಮಾಬಾದಿನಲ್ಲಿ ಅರವತ್ತರ ದಶಕದಲ್ಲಿ ಪೊಂಟಿಯ ತಂಡ ಕಟ್ಟಿದ ಸಚಿವಾಲಯದ ಕಟ್ಟಡಗಳಲ್ಲಿ ಫೈಲುಗಳು ಇಂದಿಗೂ ಓಡಾಡುತ್ತಿವೆ. ತೆಹರಾನಿನಲ್ಲಿ ಆತ ಕಟ್ಟಿದ ನಮಾಜಿ ಮನೆಯ ಜಾಗದಲ್ಲಿ ಬಹುಮಹಡಿ ಹೋಟೆಲು ಕಟ್ಟುವ ಯೋಜನೆ ಬಂದಾಗ ಇರಾನಿನ ವಾಸ್ತುಶಿಲ್ಪಿಗಳೇ ಮುಂದೆ ನಿಂತು ವಿರೋಧಿಸಿದರು. ಅಮೆರಿಕದ ಡೆನ್ವರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಾಜಿನ ಬಿಲ್ಲೆ ಹೊದ್ದ 1971ರ ಕಲಾ ಮ್ಯೂಸಿಯಮ್ಮನ್ನು 15 ಕೋಟಿ ಡಾಲರ್ ಖರ್ಚುಮಾಡಿ ನವೀಕರಿಸಿ 2021ರ ಅಕ್ಟೋಬರಿನಲ್ಲಿ ತೆರೆದರು. ಪೊಂಟಿ ಬಯಸಿದ್ದರೂ ಆಗ ಆಗದೆಹೋಗಿದ್ದ ಮಾಳಿಗೆಯ ಮೇಲಿನ ಜಾಗಕ್ಕೆ ಜನ ಹೋಗುವಂತಾದದ್ದು ಐವತ್ತು ವರ್ಷದ ನಂತರ.

ಪೊಂಟಿಯನ್ನು ಇಡಿಯಾಗಿ ನೋಡಬೇಕೆನ್ನುವವರು ಇಂದಿಗೂ ನಕ್ಷೆಗೆ ಪಾರ್ಮಾ, ಪತ್ರಕ್ಕೆ ಮಿಲಾನ್, ಪಿಂಗಾಣಿಗೆ ದೋಚ್ಚಾ, ಮನೆಗೆ ಕರಾಕಾಸ್ ಎಂದು ಅಲೆಯಬೇಕು. ಅಷ್ಟು ಅಲೆದಾಟ ಎಲ್ಲರಿಂದಾಗದು, ಮೊಲ್ತೇನಿಯ ಕುರ್ಚಿ ಕೊಳ್ಳುವುದೂ ಆಗದು. ಮಿಲಾನಿಗೆ ಹೋಗುವ ಅವಕಾಶ ಸಿಕ್ಕರೆ ಮಹಾಚರ್ಚು ನೋಡಿದ ಮೇಲೆ ಅರ್ಧ ದಿನ ಉಳಿಸಿಕೊಂಡು, 1964ರಲ್ಲಿ ಪೊಂಟಿ ಕಟ್ಟಿದ ಸಾನ್ ಫ್ರಾಂಚೆಸ್ಕೊ ಅಲ್ ಫೊಪ್ಪೊನೀನೊ ಚರ್ಚಿಗೆ ಹೋಗಿಬನ್ನಿ. ಮುಂಭಾಗದ ಗೋಡೆ ಚರ್ಚಿನ ಅಗಲವನ್ನೂ ಮೀರಿ ಎರಡೂ ಕಡೆ ಚಾಚಿದೆ, ಅದರ ಕಿಟಕಿಗಳ ಹಿಂದೆ ಕೋಣೆಯಿಲ್ಲ, ಬಯಲು ಆಕಾಶ. ಒಳಗೆ ಕೂರಲು ಟಿಕೆಟ್ಟಿಲ್ಲ.